ಜೇನು ಬಜೆಯ ಬಟ್ಟಲು

ಬಂಟ್ವಾಳ ಪೇಟೆಯಲ್ಲಿ ಪೂವಮ್ಮನ ಮಿಡಿ ಉಪ್ಪಿನಕಾಯಿಯ ರುಚಿ ಗೊತ್ತಿಲ್ಲದವರು ಯಾರಾದರೂ ಇದ್ದರೆ, ಅವರು ಆಗಷ್ಟೇ ಬಸ್ಸಿಳಿದು ಬಂದವರಾಗಿರಬೇಕು. ಅವಳ ತಮ್ಮ ರುಕ್ಮಯ್ಯನ ಹೋಟೆಲಿನಲ್ಲಿ ಗಂಜಿಗೆ ಕೂತವರು ಮೊದಲು ಕೇಳುವುದೇ ಅದನ್ನು. ಮೂರು ವರ್ಷ ಇಟ್ಟರೂ ಅವಳ ಭರಣಿಯಲ್ಲಿ ಬೂಸ್ಟು ಬಂದದ್ದಿಲ್ಲ. ಗುಟ್ಟೇನೆಂದು ಕೇಳಿದರೆ ಅವಳು ಮಸಾಲೆಯ ಮಾತೇ ಎತ್ತುತ್ತಿರಲಿಲ್ಲ. "ಒದ್ದೆ ಕೈ, ಎಂಜಲು ಕೈ, ಕಂಡಕಂಡವರ ಕೈ ಭರಣಿಗೆ ಹೋಗಬಾರದು, ಅಷ್ಟೇ" ಅನ್ನುತ್ತಿದ್ದಳು. ಒಮ್ಮೆ ರುಕ್ಮಯ್ಯನೇ ಒದ್ದೆ ಸೌಟು ಅದ್ದಿದ್ದಕ್ಕೆ ಇಡೀ ಭರಣಿಯನ್ನು ಬಾಳೆಯ ಬುಡಕ್ಕೆ ಸುರಿದು, ಎಂಟು ದಿನ ಅವನ ಜತೆ ಮಾತು ಬಿಟ್ಟ ಹೆಂಗಸು ಅವಳು.

ಅಂಥವಳ ಮನೆಯಲ್ಲಿ ಇನ್ನೊಂದು ನಿಯಮವೂ ಇತ್ತು. ಹುಟ್ಟಿದ ಕೂಸಿನ ಬಾಯಿಗೆ ಏನು ಹೋಗಬೇಕಾದರೂ ಅದು ಮೊದಲು ಮನೆಯ ಹಿರಿಯ ಹೆಂಗಸಿನ ನಾಲಿಗೆಗೆ ತಾಗಬೇಕು. ಬಜೆಯ ಬೇರನ್ನು ಕಲ್ಲಿನ ಮೇಲೆ ತೇದು, ಜೇನು ಬೆರೆಸಿ, ಬೆರಳಲ್ಲಿ ಅದ್ದಿ, ತಾನು ನೆಕ್ಕಿ ನೋಡಿ, ಖಾರ ಹೆಚ್ಚಿಲ್ಲವೆಂದು ಖಾತ್ರಿಯಾದ ಮೇಲೆ ಅದೇ ಬೆರಳು ಕೂಸಿನ ಬಾಯಿಗೆ. ಪೂವಮ್ಮನ ಅಜ್ಜಿ ಹಾಗೆ ಮಾಡಿದ್ದಳು, ತಾಯಿ ಹಾಗೆ ಮಾಡಿದ್ದಳು. ಕೂಸಿಗೆ ಕೆಟ್ಟದ್ದು ಹೋಗುವುದಿದ್ದರೆ ಮೊದಲು ತನಗೆ ಹೋಗಲಿ ಎನ್ನುವ ಪ್ರೀತಿ ಅದು. ಅದರಲ್ಲಿ ತಪ್ಪು ಹುಡುಕುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು?

ಅರವತ್ತೊಂದನೆಯ ಇಸವಿಯ ಫೆಬ್ರವರಿಯಲ್ಲಿ ಅವಳ ಒಬ್ಬಳೇ ಮಗಳು ಶಶಿಪ್ರಭಾ ಎರಡನೆಯ ಬಾಣಂತನಕ್ಕೆ ತಾಯಿಮನೆಗೆ ಬಂದಳು. ಗಂಡ ಸುಧಾಕರ ಮೂಡಬಿದ್ರೆಯ ಶಾಲೆಯಲ್ಲಿ ಮಾಸ್ತರು, ಅವನ ಮನೆ ತೋಡಾರಿನಲ್ಲಿ. ಬಂದ ನಾಲ್ಕನೆಯ ದಿನವೇ, ಎಂಟು ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು. ಅಂಗೈಯಲ್ಲಿ ಹಿಡಿಯುವಷ್ಟು. ಅಳುವುದಕ್ಕೂ ಅದಕ್ಕೆ ಶಕ್ತಿ ಸಾಲದು.

ಎರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಹುಟ್ಟಿದ ಗಂಡು ಮಗು ಇಪ್ಪತ್ತಾರನೆಯ ದಿನ ಹೋಗಿತ್ತು. ಬಾಯೆಲ್ಲ ಬೆಳ್ಳಗಾಗಿ, ಹಾಲು ನುಂಗದೆ, ಒಣಗಿ ಒಣಗಿ ಹೋಗಿತ್ತು. ಆಗ ತೀರ್ಪು ಕೊಟ್ಟವಳು ಪೂವಮ್ಮನೇ. "ಇವಳ ಹಾಲಿನಲ್ಲೇ ದೋಷ ಉಂಟು" ಎಂದಿದ್ದಳು. ಆ ಮಾತು ತೋಡಾರಿಗೆ ಹೋಯಿತು, ಅಲ್ಲಿ ಬೇರು ಬಿಟ್ಟಿತು. ಶಶಿಪ್ರಭಾ ಅಂದಿನಿಂದ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದಳು.

ಈಗ ಏಳನೆಯ ದಿನ ಕೂಸಿಗೆ ಹಾಲು ಕೊಡುವಾಗ ಅವಳು ಕಿರುಚಿದಳು.

"ಅಮ್ಮಾ! ಇಲ್ಲಿ ಬಾ. ಇದರ ನಾಲಿಗೆ ನೋಡು."

ಪೂವಮ್ಮ ಮಿಡಿ ತೊಟ್ಟು ತೆಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ನಾಲಿಗೆಯ ಮೇಲೆ, ಕೆನ್ನೆಯ ಒಳಗೆ ಒಡೆದ ಹಾಲಿನಂಥ ಬಿಳಿ ಬಿಳಿ ಪದರ.

"ಹಾಲಿನ ಕರೆ ಅದು. ಅದಕ್ಕೆ ಹೀಗೆ ಬೊಬ್ಬೆ ಹೊಡೆಯುವುದಾ?"

"ಹಾಲಿನದ್ದಾದರೆ ಒರೆಸಿದರೆ ಹೋಗಬೇಕಲ್ಲ. ಹೋಗುವುದಿಲ್ಲ."

ಪೂವಮ್ಮ ಬೆರಳಿಗೆ ಬಟ್ಟೆ ಸುತ್ತಿ ಒರೆಸಿದಳು. ಬಿಳಿ ಪದರ ಎದ್ದು ಬಂತು, ಕೆಳಗೆ ರಕ್ತ ಜಿನುಗಿತು. ಅವಳು ಆ ಬಟ್ಟೆಯನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡಳು. ಹೆದರಿದ್ದನ್ನು ತೋರಿಸಿದರೆ ಅವಳು ಪೂವಮ್ಮನೇ ಅಲ್ಲ.

"ಇವತ್ತಿನಿಂದ ನಿನ್ನ ಹಾಲು ಬೇಡ. ಬೀಯಮ್ಮನ ಮನೆಯಿಂದ ಆಡಿನ ಹಾಲು ತರಿಸುತ್ತೇನೆ."

"ಆಗಲೂ ಹಾಗೇ ಹೇಳಿದ್ದೆ. ಆಡಿನ ಹಾಲು ಕುಡಿದು ಅವನು ಉಳಿದನಾ?"

"ಬಾಯಿ ಮುಚ್ಚು. ಬಾಣಂತಿ ಇಷ್ಟು ಮಾತಾಡಬಾರದು."

ಆಚೆ ಮನೆಯ ಬೀಯಮ್ಮ ಚೆಂಬಿನಲ್ಲಿ ಹಾಲು ತಂದಳು. ಕೋಣೆಯ ಬಾಗಿಲಲ್ಲಿ ನಿಂತು ಕೂಸನ್ನು ನೋಡಿ, "ಪೂವಕ್ಕ, ಹಾಲು ಎಷ್ಟು ಬೇಕಾದರೂ ಕೊಡ್ತೇನೆ. ಆದರೆ ಇದನ್ನು ಆ ಡಾಕ್ಟ್ರಮ್ಮನಿಗೆ ಒಮ್ಮೆ ತೋರಿಸಿ. ನನ್ನ ಮೊಮ್ಮಗನನ್ನು ಅವರೇ ಉಳಿಸಿದ್ದು" ಅಂದಳು.

"ನೋಡುವ" ಎಂದಳು ಪೂವಮ್ಮ. ಅವಳ 'ನೋಡುವ'ಕ್ಕೆ 'ಇಲ್ಲ' ಎಂದೇ ಅರ್ಥವೆಂದು ಬೀಯಮ್ಮನಿಗೂ ಗೊತ್ತಿತ್ತು.

ಮಧ್ಯಾಹ್ನ ರುಕ್ಮಯ್ಯ ಹೋಟೆಲಿನಿಂದ ಊಟಕ್ಕೆ ಬಂದ. ಅವನ ಹೆಂಡತಿ ಬೆಳ್ತಂಗಡಿಯಲ್ಲಿ ತನ್ನ ತಾಯಿಯ ಜತೆ ಇದ್ದಳು. ಅವನಿಗೆ ವಾರದಲ್ಲಿ ಆರು ದಿನ ಅಕ್ಕನ ಮನೆಯ ಊಟ. ಅಕ್ಕ ಬರೀ ಗಂಜಿ, ತುಸು ಮೊಸರು ಹಾಕಿಕೊಂಡು ಕೂತದ್ದನ್ನು ನೋಡಿ ನಕ್ಕ.

"ಎಂತ ಅಕ್ಕ, ಉಪ್ಪಿನಕಾಯಿ ಮಾಡುವವಳೇ ಉಪ್ಪಿನಕಾಯಿ ಬಿಟ್ಟದ್ದಾ?"

"ಹಲ್ಲು ನೋವು ಮಾರಾಯ. ನೀನು ಉಣ್ಣು ಸುಮ್ಮನೆ."

ಹಲ್ಲು ನೋವಲ್ಲ. ಮೂರು ವರ್ಷದಿಂದ ಅವಳ ಬಾಯಿ ಆಗಾಗ ಉರಿಯುತ್ತಿತ್ತು. ಖಾರ ತಾಗಿದರೆ ಕಣ್ಣಲ್ಲಿ ನೀರು. ನಾಲಿಗೆ ದಪ್ಪ ಬಟ್ಟೆ ಹಾಸಿದ ಹಾಗೆ. ಎಲೆ ಅಡಿಕೆ ಜಗಿದು ಜಗಿದು ಬಾಯಿ ಕೆಂಪು ಮಾಡಿಕೊಂಡರೆ ಯಾರಿಗೂ ಕಾಣುತ್ತಿರಲಿಲ್ಲ. ನೀರಡಿಕೆಯೂ ಹೆಚ್ಚು. ಬಚ್ಚಲಿನಲ್ಲಿ ಇರುವೆ ಸಾಲುಗಟ್ಟುತ್ತಿದ್ದವು, ಅದಕ್ಕೆ ಅವಳು ಬೆಲ್ಲದ ಡಬ್ಬಿಯನ್ನು ಬೈಯುತ್ತಿದ್ದಳು. ಉಪ್ಪಿನಕಾಯಿ ಮಾಡುವವಳ ಬಾಯಿಗೆ ರೋಗ ಎಂದರೆ ಪೇಟೆಯಲ್ಲಿ ಯಾರು ತಿನ್ನುತ್ತಾರೆ? ಹಾಗಾಗಿ ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಭಾನುವಾರ ಸುಧಾಕರ ಬಂದ. ಹೆಂಡತಿಯ ಮುಖ ನೋಡಿದ, ಕೂಸಿನ ಬಾಯಿ ನೋಡಿದ, ಚಾವಡಿಗೆ ಬಂದು ನಿಂತ. ಯಾವತ್ತೂ ಅತ್ತೆಯ ಎದುರು ಸ್ವರ ಎತ್ತದವನು ಅಂದು ಎತ್ತಿದ.

"ಅತ್ತೆ, ನಾನು ಈಗಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೇನೆ."

"ಹತ್ತು ದಿನ ಆಗದ ಕೂಸನ್ನು ಬಿಸಿಲಿಗೆ ತೆಗೆಯುವುದಾ? ನಿಮ್ಮ ಕಡೆ ಹಾಗೆ ಉಂಟಾ?"

"ನಮ್ಮ ಕಡೆ, ನಿಮ್ಮ ಕಡೆ ಅಂತ ಹೇಳಿ ಹೇಳಿಯೇ ಒಬ್ಬನನ್ನು ಮಣ್ಣು ಮಾಡಿ ಆಯಿತು."

ರುಕ್ಮಯ್ಯ ಕೈ ತೊಳೆದು ಬಂದು, "ಹೋಗಲಿ ಬಿಡು ಅಕ್ಕ. ಬೇಕಾದರೆ ನೀನೂ ಹೋಗು, ಕೊಡೆ ಹಿಡಿ" ಅಂದ.

ಡಾಕ್ಟರ್ ಪದ್ಮಾಕ್ಷಿ ಪೇಟೆಗೆ ಬಂದು ಒಂದು ವರ್ಷವಾಗಿತ್ತು. ಮೂವತ್ತು ದಾಟಿರದ ಹೆಂಗಸು. ಟಾರ್ಚು ಹಾಕಿ ಕೂಸಿನ ಬಾಯಿ ನೋಡಿ, ಒಂದು ಸೀಸೆಯಿಂದ ನೇರಳೆ ಬಣ್ಣದ ಮದ್ದನ್ನು ಹತ್ತಿಯಲ್ಲಿ ಅದ್ದಿ ಒಳಗೆಲ್ಲ ಹಚ್ಚಿದರು. ಕೂಸಿನ ತುಟಿ, ಗಲ್ಲ ಎಲ್ಲ ನೇರಳೆ.

"ಇದು ಹಾಲಿನ ಕರೆ ಅಲ್ಲ, ಹಾಲಿನ ದೋಷವೂ ಅಲ್ಲ. ಇದು ಬೂಸ್ಟಿನ ಜಾತಿಯ ರೋಗ. ಗಟ್ಟಿ ಮಕ್ಕಳಿಗೆ ಬಂದರೆ ಹೋಗ್ತದೆ. ಇಷ್ಟು ಸಣ್ಣದಕ್ಕೆ ಬಂದರೆ ಒಳಗೆ ಇಳಿಯುತ್ತದೆ. ದಿನಕ್ಕೆ ಎರಡು ಸಲ ಈ ಮದ್ದು ಹಚ್ಚಿ. ತಾಯಿಯ ಹಾಲೇ ಕೊಡಿ. ಬೇರೆ ಏನನ್ನೂ ಬಾಯಿಗೆ ಹಾಕಬೇಡಿ."

"ಕೇಳಿತಾ ಅಮ್ಮ?" ಎಂದಳು ಶಶಿಪ್ರಭಾ. ಎರಡು ವರ್ಷದಲ್ಲಿ ಮೊದಲ ಸಲ ಅವಳ ತಲೆ ಮೇಲೆದ್ದಿತ್ತು.

ಪೂವಮ್ಮ ಕೇಳಿದ್ದಳು. ಆದರೆ ಅವಳ ಲೆಕ್ಕದಲ್ಲಿ 'ಏನನ್ನೂ' ಎಂದರೆ ಆಡಿನ ಹಾಲು, ಸಕ್ಕರೆ ನೀರು, ಗ್ರೈಪ್ ವಾಟರು. ಜೇನು ಬಜೆ ಅದರಲ್ಲಿ ಹೇಗೆ ಸೇರುತ್ತದೆ? ಅದು ಶಾಸ್ತ್ರ, ಬುದ್ಧಿ ಚುರುಕಾಗಲು ಕೊಡುವಂಥದ್ದು. ದಿನಾ ಬೆಳಿಗ್ಗೆ ಕೂಸಿಗೆ ಎಣ್ಣೆ ತಿಕ್ಕುವಾಗ, ಶಶಿಪ್ರಭಾ ಬಚ್ಚಲಿಗೆ ಹೋದ ಹೊತ್ತಿನಲ್ಲಿ, ಬೆರಳು ಬಟ್ಟಲಿಗೆ, ಬಟ್ಟಲಿನಿಂದ ತನ್ನ ನಾಲಿಗೆಗೆ, ಅಲ್ಲಿಂದ ಕೂಸಿನ ನಾಲಿಗೆಗೆ ಹೋಗುತ್ತಲೇ ಇತ್ತು.

ಆದರೂ ನೇರಳೆ ಮದ್ದು ಕೆಲಸ ಮಾಡಿತು. ಬಿಳಿ ಕಮ್ಮಿಯಾಯಿತು, ಕೂಸು ಚೀಪತೊಡಗಿತು. ಶಶಿಪ್ರಭಾ ಮೀನಿನ ಸಾರಿಗೆ ಎರಡನೆಯ ಸಲ ಅನ್ನ ಕೇಳಿ ಹಾಕಿಸಿಕೊಂಡಳು.

ಹದಿನಾರನೆಯ ದಿನಕ್ಕೆ ತೊಟ್ಟಿಲ ಶಾಸ್ತ್ರ. ತೋಡಾರಿನಿಂದ ಸುಧಾಕರನ ತಾಯಿ ದಮಯಂತಿ ಬರುವವಳು. ಪೂವಮ್ಮ ಎರಡು ದಿನ ಮೊದಲೇ ಮನೆ ಸಾರಿಸಿದಳು, ಕಡುಬಿಗೆ ಅಕ್ಕಿ ಆರಿಸಿಟ್ಟಳು, ಹಳೆಯ ತೊಟ್ಟಿಲನ್ನು ಉಜ್ಜಿ ಉಜ್ಜಿ ತೊಳೆದಳು. ಕೊನೆಗೆ ಕೂಸನ್ನು ನೋಡಿದರೆ ಮೂತಿಯೆಲ್ಲ ನೇರಳೆ. ನೇರಳೆ ಹಣ್ಣು ಕದ್ದು ತಿಂದವರ ಹಾಗೆ!

"ಹೀಗೆ ತೋರಿಸಿದರೆ ಆ ಹೆಂಗಸು ತೋಡಾರಿನಿಂದ ಮೂಡಬಿದ್ರೆವರೆಗೆ ಡಂಗುರ ಹೊಡೆಯುತ್ತಾಳೆ" ಎಂದುಕೊಂಡಳು. ಅಂದು ಮತ್ತು ಮರುದಿನ ಮದ್ದು ಹಚ್ಚಲಿಲ್ಲ. "ಹಚ್ಚಿಯಾಯಿತು" ಎಂದು ಮಗಳಿಗೆ ಸುಳ್ಳು ಹೇಳಿದಳು. ಕೊಬ್ಬರಿ ಎಣ್ಣೆಯಲ್ಲಿ ಗಲ್ಲ, ತುಟಿ ಒರೆಸಿದಳು. ಕೂಸು ಲಕ್ಷಣವಾಗಿ ಕಂಡಿತು. ಖುಷಿಗೆ ಜೇನು ಬಜೆಯನ್ನು ಎರಡು ಸಲ ನೆಕ್ಕಿಸಿದಳು.

ಹದಿನಾರನೆಯ ದಿನ ದಮಯಂತಿ ಮಗನ ಜತೆ ಬಂದು ಚಾವಡಿಯಲ್ಲಿ ಕೂತು, ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಕೂಸಿನ ಮೈ ಬಿಸಿಯಾಗಿತ್ತು. ಗಲ್ಲ ಮುಟ್ಟಿದರೂ ಕಣ್ಣು ಬಿಡಲಿಲ್ಲ. ಬಾಯಿ ಅರೆ ತೆರೆದಿತ್ತು, ಒಳಗೆ ಸುಣ್ಣ ಬಳಿದ ಹಾಗೆ ಬಿಳಿ.

"ಇದೂ ಅದೇ ದಾರಿ ಹಿಡಿದಿದೆಯಲ್ಲ, ಪೂವಮ್ಮಕ್ಕ."

"ಹಾಗೆಲ್ಲ ಹೇಳಬೇಡಿ."

"ನಾನು ಹೇಳುವುದಲ್ಲ, ನೀವೇ ಹೇಳಿದ್ದು ಆವತ್ತು, ಮಗಳ ಹಾಲಿನಲ್ಲಿ ದೋಷ ಅಂತ. ನನಗೆ ಇರುವುದು ಒಬ್ಬ ಮಗ. ಇದೂ ಹೋದರೆ ನಾವು ಬೇರೆ ಕಡೆ ನೋಡಬೇಕಾಗ್ತದೆ. ಆಮೇಲೆ ನಮ್ಮನ್ನು ದೂರಬೇಡಿ."

ಬಾಗಿಲ ಹಿಂದೆ ನಿಂತಿದ್ದ ಶಶಿಪ್ರಭಾ ತಾಯಿಯ ಮುಖವನ್ನೇ ನೋಡಿದಳು. ಅಮ್ಮ ಈಗ ಹೇಳುತ್ತಾಳೆ, ಡಾಕ್ಟರು ಹಾಲಿನ ದೋಷ ಅಲ್ಲ ಅಂದಿದ್ದಾರೆ ಎಂದು ಹೇಳಿಯೇ ಹೇಳುತ್ತಾಳೆ ಎಂದು ಕಾದಳು. ಪೂವಮ್ಮ, ಪೇಟೆಯಲ್ಲಿ ಯಾರಿಗೂ ಬಗ್ಗದ ಪೂವಮ್ಮ, ಸೆರಗಿನ ತುದಿ ತಿರುವುತ್ತ ಕೂತಳು.

ಶಶಿಪ್ರಭಾ ಹೊರಗೆ ಬಂದು ಅತ್ತೆಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು. ಬಾಣಂತಿ ಹೊಸ್ತಿಲು ದಾಟಬಾರದೆಂದು ಯಾರೋ ಅಂದರು. ಅವಳು ಅಂಗಳ ದಾಟಿ, ಬರಿಗಾಲಲ್ಲಿ, ಹನ್ನೊಂದು ಗಂಟೆಯ ಬಿಸಿಲಿಗೆ ನಡೆದೇಬಿಟ್ಟಳು. ಸುಧಾಕರ ಹಿಂದೆ ಓಡಿದ. ಅವನ ಹಿಂದೆ ಪೂವಮ್ಮ.

ಡಾಕ್ಟರ್ ಪದ್ಮಾಕ್ಷಿ ಚಮಚದಲ್ಲಿ ಒಂದು ತೊಟ್ಟು ನೀರು ಹಾಕಿ ನೋಡಿದರು. ನೀರು ಬಾಯಿಯ ಬದಿಯಿಂದ ಇಳಿದು ಹೋಯಿತು.

"ಗಂಟಲಿನಿಂದ ಕೆಳಗೆ ಇಳಿದಿದೆ. ರಕ್ತಕ್ಕೆ ಸೇರಿದರೆ ನನ್ನ ಕೈಯಲ್ಲಿ ಏನೂ ಇಲ್ಲ. ಮದ್ದು ಹಚ್ಚಿದ್ದೀರಾ?"

"ಹಚ್ಚಿದ್ದೇವೆ" ಎಂದಳು ಶಶಿಪ್ರಭಾ.

ಪೂವಮ್ಮ ಗೋಡೆ ನೋಡಿದಳು. "ಎರಡು ದಿನ ಹಚ್ಚಲಿಲ್ಲ" ಎಂದಳು. "ಅಳಿಯನ ಕಡೆಯವರು ಬರ್ತಾರೆ ಅಂತ."

ಶಶಿಪ್ರಭಾ ಕೂಸನ್ನು ತಾಯಿಯಿಂದ ಆಚೆಗೆ ತಿರುಗಿಸಿ ಹಿಡಿದಳು. ಬೈದಿದ್ದರೆ ಪೂವಮ್ಮನಿಗೆ ಹಗುರವಾಗುತ್ತಿತ್ತು.

ಡಾಕ್ಟರು ಕೂಸಿನ ಕೆನ್ನೆಯಿಂದ ಒಂದಿಷ್ಟು ಬಿಳಿಯನ್ನು ಕೆರೆದು ಗಾಜಿನ ಪಟ್ಟಿಗೆ ಹಾಕಿ, ಮೇಲೆ ಒಂದು ಹನಿ ದ್ರಾವಣ ಬಿಟ್ಟು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಆಮೇಲೆ ಕೈ ತೊಳೆಯುತ್ತ ಕೇಳಿದರು:

"ಎರಡೇ ದಿನಕ್ಕೆ ಇಷ್ಟು ಬರುವುದಿಲ್ಲ. ಎಲ್ಲಿಂದಲೋ ದಿನಾ ಹೊಸದಾಗಿ ಬರ್ತಾ ಉಂಟು. ಬೇರೆ ಎಂತ ಬಾಯಿಗೆ ಹಾಕ್ತಾ ಇದ್ದೀರಿ?"

"ಏನೂ ಇಲ್ಲ. ಜೇನು ಬಜೆ, ಅಷ್ಟೇ. ಅದೂ ನಾನು ರುಚಿ ನೋಡಿಯೇ ಕೊಡುವುದು."

"ಹೇಗೆ ರುಚಿ ನೋಡುವುದು?"

ಪೂವಮ್ಮ ಬೆರಳೆತ್ತಿ ತೋರಿಸಿದಳು: ಬಟ್ಟಲು, ತನ್ನ ನಾಲಿಗೆ, ಕೂಸು.

"ಬಾಯಿ ತೆರೆಯಿರಿ."

"ನನ್ನದಾ? ನನಗೆಂತ ರೋಗ ಡಾಕ್ಟ್ರೇ? ಎಲೆ ಅಡಿಕೆ ಹಾಕಿದ ಬಾಯಿ…"

"ತೆರೆ ಅಮ್ಮ" ಅಂದಳು ಶಶಿಪ್ರಭಾ. ಆ ಸ್ವರವನ್ನು ಪೂವಮ್ಮ ಮಗಳ ಬಾಯಿಂದ ಯಾವತ್ತೂ ಕೇಳಿರಲಿಲ್ಲ. ಬಾಯಿ ಮುಕ್ಕಳಿಸಿ ಬಂದು ತೆರೆದಳು. ಟಾರ್ಚಿನ ಬೆಳಕು ಬಿತ್ತು. ನಾಲಿಗೆಯ ಹಿಂಬದಿ, ಕೆನ್ನೆಯ ಒಳಗೆ, ಅಂಗುಳಲ್ಲಿ ಅದೇ ಬಿಳಿ.

ಡಾಕ್ಟರು ಅದನ್ನೂ ಕೆರೆದು ಇನ್ನೊಂದು ಪಟ್ಟಿಗೆ ಹಾಕಿದರು. ಅವಳ ಮೂತ್ರ ತರಿಸಿ ನೀಲಿ ದ್ರಾವಣದಲ್ಲಿ ಬೆರೆಸಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು.

"ನಿಮಗೆ ಸಕ್ಕರೆ ಕಾಯಿಲೆ ಉಂಟು, ಇವತ್ತಿನದ್ದಲ್ಲ. ಅದಕ್ಕೇ ಬಾಯಿಯಲ್ಲಿ ಇದು ಮನೆ ಮಾಡಿದೆ. ಬನ್ನಿ, ನೋಡಿ."

ಪೂವಮ್ಮ ಬಗ್ಗಿ ಕಣ್ಣಿಟ್ಟಳು. ಬೆಳಕಿನ ವೃತ್ತದಲ್ಲಿ ಸಣ್ಣ ಸಣ್ಣ ದಾರಗಳು, ದಾರದ ಬದಿಯಲ್ಲಿ ಮಣಿಗಳು. ಡಾಕ್ಟರು ಪಟ್ಟಿ ಬದಲಿಸಿದರು. ಮತ್ತೆ ಅದೇ ದಾರ, ಅದೇ ಮಣಿ.

"ಮೊದಲಿನದ್ದು ನಿಮ್ಮದು, ಎರಡನೆಯದ್ದು ಕೂಸಿನದ್ದು. ನೀವು ಉಪ್ಪಿನಕಾಯಿ ಮಾಡುವವರಲ್ಲವಾ? ಭರಣಿಗೆ ಒಮ್ಮೆ ಎಂಜಲು ಕೈ ತಾಗಿದರೆ ಎಂತ ಆಗ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ."

ಪೂವಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. ತೆಗೆದರೆ ಮಗಳ ಮುಖ ನೋಡಬೇಕಾಗುತ್ತಿತ್ತು.

ಸುಧಾಕರ ಸಿಕ್ಕಿದ ಮೊದಲ ಬಸ್ಸಿಗೆ ಮಂಗಳೂರಿಗೆ ಹೋದ. ಡಾಕ್ಟರು ಬರೆದುಕೊಟ್ಟದ್ದು ಹೊಸ ಮಾತ್ರೆ, ಎರಡು ಅಂಗಡಿಯವರು ಹೆಸರೇ ಕೇಳಿಲ್ಲ ಎಂದರು. ಮೂರನೆಯ ಅಂಗಡಿಯಲ್ಲಿ ಮದ್ರಾಸಿನಿಂದ ಬಂದದ್ದು ಒಂದೇ ಸೀಸೆ ಇತ್ತು. ಅದನ್ನು ಪುಡಿ ಮಾಡಿ, ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ಇಂಕು ತುಂಬುವಂಥ ಹೊಸ ಫಿಲ್ಲರಿನಲ್ಲಿ ದಿನಕ್ಕೆ ನಾಲ್ಕು ಸಲ ಕೂಸಿನ ಬಾಯಿಗೆ ಹನಿ ಹನಿ. ಹಿಂಡಿದ ಎದೆಹಾಲು ಅದೇ ಥರ, ಇನ್ನೊಂದು ಫಿಲ್ಲರಿನಲ್ಲಿ.

ಅದರ ಮುಂದಿನ ಆರು ವಾರ ಆ ಮನೆಯಲ್ಲಿ ತಾಯಿ ಮಗಳ ನಡುವೆ ಮಾತು ನಡೆಯಲಿಲ್ಲ. ಪೂವಮ್ಮ ಕೋಣೆಯ ಹೊಸ್ತಿಲು ದಾಟಲಿಲ್ಲ. ಬಟ್ಟೆ ಕುದಿಸಿ ಒಣಗಿಸಿ ಬಾಗಿಲಲ್ಲಿ ಇಡುವಳು. ಫಿಲ್ಲರು ಕುದಿಸಿ ಇಡುವಳು. ಊಟದ ಬಟ್ಟಲು ಇಡುವಳು. ಶಶಿಪ್ರಭಾ ಒಳಗಿನಿಂದ ಕೈ ಚಾಚಿ ತೆಗೆದುಕೊಳ್ಳುವಳು. ಸಾರಿಗೆ ಉಪ್ಪು ಸರಿಯಾಗಿದೆಯೋ ಎಂದು ಸೌಟು ನೆಕ್ಕುವ ಅಭ್ಯಾಸವನ್ನೂ ಪೂವಮ್ಮ ಬಿಟ್ಟಳು. ಒಂದು ದಿನ ಸಾರು ಸಮುದ್ರದ ನೀರಾಗಿತ್ತು. ರುಕ್ಮಯ್ಯ ಮುಖ ಹಿಂಡಿಕೊಂಡು ಪೂರ್ತಿ ಉಂಡ.

ಅವಳಿಗೆ ಅನ್ನ ಅಳತೆಯಲ್ಲಿ, ಬೆಲ್ಲ ಬಂದ್, ಎಲೆ ಅಡಿಕೆ ಬಂದ್. ದಿನಕ್ಕೆ ಎರಡು ಸಲ ನೇರಳೆ ಮದ್ದು ತನ್ನ ನಾಲಿಗೆಗೆ ತಾನೇ ಹಚ್ಚಿಕೊಳ್ಳಬೇಕು. ಮಿಡಿಯ ಕಾಲ ಹಾಗೇ ಮುಗಿಯಿತು. ಮಡಂತ್ಯಾರಿನಿಂದ ಮಿಡಿ ತರುವ ಚನಿಯಪ್ಪ ಎರಡು ಬುಟ್ಟಿ ಇಳಿಸಲು ಬಂದಾಗ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಈ ವರ್ಷ ಬೇಡ" ಎಂದು ಕಳಿಸಿದಳು.

"ಅಕ್ಕ, ಹೋಟೆಲಿಗೆ ಎಂತ ಮಾಡುವುದು?" ರುಕ್ಮಯ್ಯ ಕೇಳಿದ.

"ಚಟ್ನಿ ಹಾಕು. ನನ್ನ ಕೈಯನ್ನು ನಾನೇ ನಂಬುವುದಿಲ್ಲ ಈಗ."

ಮೊದಲ ವಾರ ಕೂಸು ಎರಡು ಸಲ ನೀಲಿಗಟ್ಟಿತು. ಡಾಕ್ಟರು ಮನೆಗೇ ಬಂದರು. ಎರಡನೆಯ ವಾರ ಜ್ವರ ಇಳಿಯಿತು. ಮೂರನೆಯ ವಾರ ಒಂದು ಬೆಳಿಗ್ಗೆ ಕೋಣೆಯಿಂದ ಗಟ್ಟಿಯಾಗಿ ಅಳು ಕೇಳಿಸಿತು, ಹಸಿದ ಮಗುವಿನ ಸಿಟ್ಟಿನ ಅಳು. ಒಲೆಯ ಮುಂದೆ ಕೂತಿದ್ದ ಪೂವಮ್ಮ ಊದುಗೊಳವೆ ಕೆಳಗಿಟ್ಟು ತಾನೂ ಅತ್ತಳು. ಆ ದಿನ ರುಕ್ಮಯ್ಯ ಹೋಟೆಲಿನ ತಕ್ಕಡಿ ತಂದು ಕೂಸನ್ನು ತೂಗಿದ. ಆಮೇಲೆ ಪ್ರತಿ ಸೋಮವಾರ ತೂಗಿದ.

ಎರಡು ತಿಂಗಳು ತುಂಬುವ ಹೊತ್ತಿಗೆ ತೊಟ್ಟಿಲ ಶಾಸ್ತ್ರ ಮತ್ತೆ ನಿಶ್ಚಯವಾಯಿತು. ದಮಯಂತಿ ಬಂದಳು. ಬೀಯಮ್ಮ ಬಂದಳು. ಕೂಸಿಗೆ ಕಾಂತಿ ಎಂದು ಹೆಸರಿಟ್ಟರು. ಕೂಸು ಕಣ್ಣು ಬಿಟ್ಟು ಮಾಡಿನ ಜಂತಿ ನೋಡುತ್ತಿತ್ತು.

"ಹೇಗೋ ಉಳಿಯಿತಲ್ಲ" ಎಂದಳು ದಮಯಂತಿ. "ಯಾರ ಹಾಲು ಕೊಟ್ಟಿರಿ?"

ರುಕ್ಮಯ್ಯ ಬೆಳ್ಳಿಯ ಬಟ್ಟಲಿನಲ್ಲಿ ಜೇನು ತಂದು ಅಕ್ಕನ ಮುಂದಿಟ್ಟ. ಗಂಡಸಿಗೆ ಏನು ಗೊತ್ತು, ತೊಟ್ಟಿಲ ದಿನ ಹಿರಿಯವಳು ಜೇನು ಮುಟ್ಟಿಸುವುದು ಕ್ರಮ ಎಂದು ಇಟ್ಟ. ಎಲ್ಲರೂ ಪೂವಮ್ಮನನ್ನು ನೋಡಿದರು.

ಪೂವಮ್ಮ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ತೆಗೆದಳು. ಇಷ್ಟು ದಿನ ಊರಿಗೆ ತೋರಿಸದ ನಾಲಿಗೆಯನ್ನು ದಮಯಂತಿಯ ಮುಖಕ್ಕೇ ಚಾಚಿದಳು. ಬುಡದವರೆಗೆ ನೇರಳೆ.

"ಅಯ್ಯೋ, ಇದೆಂತದು ಪೂವಮ್ಮಕ್ಕ!"

"ರೋಗ. ನನ್ನ ಬಾಯಿಯದ್ದು. ಇದೇ ಬಾಯಿಂದ ಜೇನು ನೆಕ್ಕಿ ನೆಕ್ಕಿ ಕೂಸಿಗೆ ಕೊಟ್ಟವಳು ನಾನು. ನಿಮ್ಮ ಸೊಸೆಯ ಹಾಲಿನಲ್ಲಿ ದೋಷ ಇರಲಿಲ್ಲ. ಆವತ್ತು ಹಾಗೆ ಹೇಳಿದ್ದು ಸುಳ್ಳು. ಈ ಕೂಸು ಬೆಳೆದದ್ದು ಅವಳ ಹಾಲಿನಲ್ಲೇ. ಬೇಕಾದರೆ ಪೇಟೆಯಲ್ಲೆಲ್ಲ ಹೇಳಿ. ನನ್ನ ಉಪ್ಪಿನಕಾಯಿ ಯಾರೂ ತಿನ್ನದಿದ್ದರೂ ಅಡ್ಡಿಯಿಲ್ಲ."

ಬೀಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸುಧಾಕರ ತನ್ನ ತಾಯಿಯನ್ನು ನೋಡಿ, "ಕೇಳಿದಿರಲ್ಲ ಅಮ್ಮ?" ಎಂದ.

ಪೂವಮ್ಮ ಮಗಳ ಕಡೆ ತಿರುಗಿದಳು. "ಜೇನು ಬೇಡ ಮಗ. ನಿನ್ನ ಹಾಲು ಕುಡಿಸು. ಇಲ್ಲೇ, ಎಲ್ಲರ ಎದುರಿಗೇ ಕುಡಿಸು."

ಶಶಿಪ್ರಭಾ ಗೋಡೆಗೆ ತಿರುಗಿ ಕೂತು ಕೂಸನ್ನು ಎದೆಗೆ ಹಚ್ಚಿಕೊಂಡಳು. ಚೀಪುವ ಸದ್ದು ಚಾವಡಿಗೆಲ್ಲ ಕೇಳಿಸಿತು. ಎಲ್ಲ ಮುಗಿಯಿತು, ಎಲ್ಲ ತಿಳಿಯಾಯಿತು ಎಂದೇ ರುಕ್ಮಯ್ಯ ಕಡುಬಿನ ಪಾತ್ರೆ ತರಲು ಒಳಗೆ ಹೋದ. ಆಗ ಶಶಿಪ್ರಭಾ ತಿರುಗದೆಯೇ, ಆರು ವಾರದಲ್ಲಿ ಮೊದಲ ಸಲ ತಾಯಿಯ ಜತೆ ಮಾತಾಡಿದಳು. ಅದರಲ್ಲಿ ಸಿಟ್ಟು ಇರಲಿಲ್ಲ.

"ಅವನಿಗೂ ಇದೇ ಹಾಲು ಇತ್ತಲ್ಲ ಅಮ್ಮ. ಎರಡು ವರ್ಷದ ಹಿಂದೆ, ನೀನು ಬಿಡಿಸಿದ್ದು."

ಪೂವಮ್ಮ ಜೇನಿನ ಬಟ್ಟಲನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದಳು. ಬಾಳೆಯ ಬುಡಕ್ಕೆ ಜೇನನ್ನು ಸುರಿದು, ಬೂದಿ ಹಾಕಿ ಬಟ್ಟಲು ತಿಕ್ಕತೊಡಗಿದಳು. ಒಳಗೆ ಬಾಳೆಲೆ ಹಾಕಿ ಊಟಕ್ಕೆ ಕರೆದರು. ಮತ್ತೊಮ್ಮೆ ಕರೆದರು. ಅವಳು ಆ ಬಟ್ಟಲನ್ನು ತಿಕ್ಕುತ್ತಲೇ ಇದ್ದಳು.